ಹಂಚಿದ್ದು ಫೈಲೋ, ಮಾಹಿತಿಯೋ? ಕಚೇರಿ ಡೇಟಾಬೇಸ್ ಭದ್ರತೆಯ ಪಾಠ

ಡಿಬಿಎಂಎಸ್ ಪರೀಕ್ಷೆಗೆ ನಾರ್ಮಲೈಸೇಶನ್ ಓದ್ತೀವಿ, ಇ-ಆರ್ ಡಯಾಗ್ರಾಂ ಬಿಡಿಸ್ತೀವಿ. ಆದರೆ ಇಂಟರ್ನ್‌ಶಿಪ್ಪಿಗೆಂದು ಸಣ್ಣ ಕಚೇರಿಗೆ ಹೋದರೆ ಎಷ್ಟೋ ಕಡೆ ಕಾಣುವ ಚಿತ್ರವೇ ಬೇರೆ. ಮೂಲೆಯ ಕಂಪ್ಯೂಟರಿನಲ್ಲಿ ಒಂದು ಶೇರ್ಡ್ ಫೋಲ್ಡರ್, ಅದರೊಳಗೆ ಒಂದು ಮೈಕ್ರೋಸಾಫ್ಟ್ ಆಕ್ಸೆಸ್ ಫೈಲ್. ಹತ್ತು ಜನ ತಮ್ಮ ತಮ್ಮ ಮೇಜಿನಿಂದಲೇ ಅದನ್ನು ತೆರೆದು ಕೆಲಸ ಮಾಡ್ತಾರೆ. ಸಂಬಳದ ಲೆಕ್ಕ, ಗ್ರಾಹಕರ ಫೋನ್ ನಂಬರ್, ಆಧಾರ್ ಸಂಖ್ಯೆ ಎಲ್ಲವೂ ಅಲ್ಲೇ. "ಇದಕ್ಕೊಂದು ಪಾಸ್‌ವರ್ಡ್ ಹಾಕಿಕೊಡಿ" ಅಂತ ನಮ್ಮನ್ನು ಕೇಳಿದರೆ ಏನು ಮಾಡಬೇಕು? ಪಾಸ್‌ವರ್ಡ್ ಒಂದೇ ಯಾಕೆ ಸಾಲದು ಅನ್ನೋದನ್ನು ಮೊದಲು ನೋಡೋಣ.

ಫೈಲ್ ಹಂಚಿದರೆ ಏನಾಗುತ್ತೆ?

ಆಕ್ಸೆಸ್ ಒಂದು ಸರ್ವರ್ ಅಲ್ಲ. ಮೂಲೆಯ ಕಂಪ್ಯೂಟರ್ ಫೈಲನ್ನು ಬರೀ ಒದಗಿಸುತ್ತದೆ; ಕ್ವೆರಿ ನಡೆಯೋದು ಬಳಸುವವರ ಕಂಪ್ಯೂಟರಿನಲ್ಲಿ. ಹಾಗಾಗಿ ಕೆಲಸ ಮಾಡುವ ಪ್ರತಿಯೊಬ್ಬರಿಗೂ ಆ ಫೈಲನ್ನು ಓದುವ, ಬರೆಯುವ ಅನುಮತಿ ಬೇಕು. ಇನ್ನೊಂದು ವಿಷಯ: ಮೊದಲನೆಯವರು ಫೈಲ್ ತೆರೆದಾಗ ಅದೇ ಫೋಲ್ಡರಿನಲ್ಲಿ ಒಂದು ಲಾಕ್ ಫೈಲ್ ಹುಟ್ಟುತ್ತದೆ, ಕೊನೆಯವರು ಮುಚ್ಚಿದಾಗ ಅಳಿಯುತ್ತದೆ. ಅಂದ್ರೆ ಆ ಫೋಲ್ಡರಿನಲ್ಲಿ ಫೈಲ್ ಸೃಷ್ಟಿಸುವ, ಅಳಿಸುವ ಅನುಮತಿಯನ್ನೂ ಸಾಮಾನ್ಯವಾಗಿ ಎಲ್ಲರಿಗೂ ಕೊಡಬೇಕಾಗುತ್ತದೆ.

ಪರಿಣಾಮ ಏನು? ಒಂದು ಸಾಲು ನೋಡಬೇಕಾದವರು ಪೂರ್ತಿ ಫೈಲನ್ನೇ ಪೆನ್‌ಡ್ರೈವಿಗೆ ಕಾಪಿ ಮಾಡಿಕೊಳ್ಳಬಹುದು. ಒಂದು ಸಾಲು ತಿದ್ದಬೇಕಾದವರು ಇಡೀ ಫೈಲನ್ನೇ ಅಳಿಸಬಹುದು. ಫಾರ್ಮ್ ಹಿಂದೆ ಟೇಬಲ್ ಬಚ್ಚಿಟ್ಟರೂ ಪ್ರಯೋಜನ ಕಡಿಮೆ: ಶಿಫ್ಟ್ ಕೀ ಒತ್ತಿ ಹಿಡಿದು ಫೈಲ್ ತೆರೆದರೆ ಸಾಮಾನ್ಯವಾಗಿ ಆರಂಭದ ಫಾರ್ಮ್ ದಾಟಿಹೋಗಿ ಟೇಬಲ್‌ಗಳೇ ಕಾಣುತ್ತವೆ. ಹಳೆಯ ಎಂಡಿಬಿ ಮಾದರಿಯಲ್ಲಿ ಬಳಕೆದಾರರಿಗೆ ಬೇರೆ ಬೇರೆ ಹಕ್ಕು ಕೊಡುವ ವ್ಯವಸ್ಥೆ ಇತ್ತು. ಆಕ್ಸೆಸ್ 2007ರ ಜೊತೆ ಬಂದ ಎಸಿಸಿಡಿಬಿ ಮಾದರಿಯಲ್ಲಿ ಅದನ್ನು ತೆಗೆದುಹಾಕಲಾಯಿತು.

ಪಾಸ್‌ವರ್ಡ್ ಫೈಲನ್ನು ಎನ್‌ಕ್ರಿಪ್ಟ್ ಮಾಡುತ್ತದೆ ನಿಜ. ಹಾರ್ಡ್‌ಡಿಸ್ಕ್ ಕಳುವಾದರೆ ಅದು ಕಾಪಾಡೀತು. ಆದರೆ ಹತ್ತು ಜನಕ್ಕೂ ಒಂದೇ ಪಾಸ್‌ವರ್ಡ್. ಒಬ್ಬರು ಕೆಲಸ ಬಿಟ್ಟುಹೋದರೆ ಎಲ್ಲರಿಗೂ ಬದಲಿಸಬೇಕು. ಯಾರು ಏನು ತಿದ್ದಿದರು ಅನ್ನೋದೂ ಅದರಿಂದ ಗೊತ್ತಾಗಲ್ಲ.

ಫೈಲನ್ನೇ ಉಳಿಸಿಕೊಳ್ಳುವುದಾದರೆ

1. ಡೇಟಾಬೇಸನ್ನು ಎರಡು ಭಾಗ ಮಾಡಿ. ಟೇಬಲ್‌ಗಳಿರುವ ಬ್ಯಾಕ್-ಎಂಡ್ ಶೇರ್ಡ್ ಫೋಲ್ಡರಿನಲ್ಲಿರಲಿ. ಫಾರ್ಮ್, ರಿಪೋರ್ಟ್‌ಗಳ ಫ್ರಂಟ್-ಎಂಡ್ ಪ್ರತಿಯೊಬ್ಬರ ಕಂಪ್ಯೂಟರಿನಲ್ಲಿರಲಿ. ಇದರಿಂದ ಫೈಲ್ ಕೆಡುವುದು ಕಡಿಮೆಯಾಗುತ್ತದೆ. ಇದಿಷ್ಟೇ ಭದ್ರತೆ ಅಂದುಕೊಳ್ಳಬೇಡಿ.
2. ಫೋಲ್ಡರಿನ ಅನುಮತಿಯಲ್ಲಿ 'ಎವ್ರಿವನ್' ತೆಗೆದು, ಬೇಕಾದವರ ಗುಂಪಿಗೆ ಮಾತ್ರ ಕೊಡಿ. ವಿಂಡೋಸ್‌ನಲ್ಲಿ ಶೇರ್ ಅನುಮತಿ, ಎನ್‌ಟಿಎಫ್‌ಎಸ್ ಅನುಮತಿ ಎಂದು ಎರಡಿವೆ. ನೆಟ್‌ವರ್ಕ್ ಮೂಲಕ ಬಂದವರಿಗೆ ಎರಡರಲ್ಲಿ ಬಿಗಿಯಾದದ್ದೇ ಅನ್ವಯ.
3. ಸಂಬಳದಂಥ ಟೇಬಲನ್ನು ಬೇರೆ ಫೈಲ್ ಮಾಡಿ, ಬೇರೆ ಫೋಲ್ಡರಿನಲ್ಲಿಡಿ. ಇಲ್ಲಿ ಅನುಮತಿ ಕೊಡೋದು ಫೈಲಿಗೆ, ಟೇಬಲಿಗಲ್ಲ. ಆದ್ದರಿಂದ ಗುಟ್ಟಿನ ಗೆರೆಯೂ ಫೈಲಿನ ಗೆರೆಯೇ ಆಗಬೇಕು.
4. ಅತಿಥಿಗಳ ವೈ-ಫೈ ಬೇರೆ ಇರಲಿ. ಫೈಲ್ ಹಂಚಿಕೆಯ 445ನೇ ಪೋರ್ಟ್ ಇಂಟರ್ನೆಟ್ಟಿಗೆ ತೆರೆದಿರಬಾರದು. ಹಳೆಯ ಎಸ್‌ಎಂಬಿ 1 ಆಫ್ ಆಗಿರಲಿ. 2017ರ ಮೇ 12ರಂದು ಶುರುವಾದ ವಾನಾಕ್ರೈ ಹರಡಿದ್ದು ಇದೇ ದಾರಿಯಲ್ಲಿ. ತೇಪೆ ಮಾರ್ಚ್‌ನಲ್ಲೇ ಬಂದಿತ್ತು.

ಸರ್ವರ್‌ಗೆ ಹೋದರೆ

ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್‌ನಂಥ ಸರ್ವರ್ ಇಟ್ಟರೆ ಚಿತ್ರ ಬದಲಾಗುತ್ತದೆ. ಬಳಸುವವರು ಪ್ರಶ್ನೆ ಕಳಿಸ್ತಾರೆ, ಸರ್ವರ್ ಉತ್ತರವನ್ನಷ್ಟೇ ಕೊಡುತ್ತದೆ. ಫೈಲ್ ಯಾರ ಕೈಗೂ ಸಿಗಲ್ಲ. ಪರೀಕ್ಷೆಗೆ ಎರಡು ಮಾರ್ಕಿಗೆ ಓದಿದ ಗ್ರ್ಯಾಂಟ್, ರಿವೋಕ್ ಇಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತವೆ. ರಿಸೆಪ್ಷನ್‌ನವರಿಗೆ ಗ್ರಾಹಕರ ಟೇಬಲಿನಲ್ಲಿ ಓದುವ, ಸೇರಿಸುವ ಹಕ್ಕು ಸಾಕು; ಅಳಿಸುವುದು ಬೇಡ, ಸಂಬಳದ ಟೇಬಲ್ ಬೇಡವೇ ಬೇಡ. ಕಾಲಂ ಮಟ್ಟದಲ್ಲೂ ಹಕ್ಕು ಕೊಡಬಹುದು. ಯಾರು ಬಂದರು, ಏನು ತಿದ್ದಿದರು ಅನ್ನೋದನ್ನು ಲಾಗ್‌ನಲ್ಲಿ ಬರೆಸಿಡಬಹುದು.

ಆದರೆ ಸರ್ವರ್ ಹಾಕಿದಾಕ್ಷಣ ಭದ್ರತೆ ಬಂದುಬಿಡಲ್ಲ. ಪೋಸ್ಟ್‌ಗ್ರೆಸ್ ತಾನಾಗಿ ತನ್ನದೇ ಕಂಪ್ಯೂಟರಿನ ಮಾತನ್ನಷ್ಟೇ ಕೇಳುತ್ತದೆ. ಬೇರೆ ಮೇಜಿನಿಂದ ಕನೆಕ್ಟ್ ಆಗ್ತಿಲ್ಲ ಅಂತ ಅವಸರಕ್ಕೆ ಎಲ್ಲ ಐಪಿ ವಿಳಾಸಗಳಿಗೂ ಬಾಗಿಲು ತೆಗೆದು, 'ಟ್ರಸ್ಟ್' ಅಂತ ಬರೆದರೆ ಪಾಸ್‌ವರ್ಡನ್ನೂ ಕೇಳದೆ ಒಳಗೆ ಬಿಡುತ್ತದೆ. ಅದರ ಬದಲು ಕಚೇರಿಯ ವಿಳಾಸಗಳಿಗೆ ಮಾತ್ರ, ಉದಾಹರಣೆಗೆ 192.168.1.0/24ಕ್ಕೆ, ಸ್ಕ್ರ್ಯಾಮ್-ಶಾ-256 ಪದ್ಧತಿಯಲ್ಲಿ ಅನುಮತಿ ಕೊಡಿ. ಫೈರ್‌ವಾಲ್‌ನಲ್ಲೂ 5432ನೇ ಪೋರ್ಟನ್ನು ಅಷ್ಟಕ್ಕೇ ತೆರೆಯಿರಿ. ಅಪ್ಲಿಕೇಶನ್ ಎಂದಿಗೂ ಸೂಪರ್‌ಯೂಸರ್ ಹೆಸರಲ್ಲಿ ಕನೆಕ್ಟ್ ಆಗಬಾರದು. ಒಬ್ಬೊಬ್ಬರಿಗೂ ಬೇರೆ ಬೇರೆ ಲಾಗಿನ್ ಕೊಟ್ಟರೆ ಮಾತ್ರ ಲಾಗ್‌ಗೂ ಅರ್ಥ.

ಅಪ್‌ಡೇಟ್ ಮರೆಯಬೇಡಿ. 2003ರ ಜನವರಿ 25ರಂದು ಎಸ್‌ಕ್ಯೂಎಲ್ ಸ್ಲ್ಯಾಮರ್ ಎಂಬ 376 ಬೈಟಿನ ವರ್ಮ್ ಎಸ್‌ಕ್ಯೂಎಲ್ ಸರ್ವರ್ 2000ದ ದೋಷ ಹಿಡಿದು ನಿಮಿಷಗಳಲ್ಲಿ ಜಗತ್ತಿನೆಲ್ಲೆಡೆ ಹರಡಿತು. ಅದರ ತೇಪೆ ಬಂದು ಆಗಲೇ ಆರು ತಿಂಗಳಾಗಿತ್ತು.

ಬ್ಯಾಕಪ್ ಎಲ್ಲಿ?

ರ್‍ಯಾನ್ಸಮ್‌ವೇರ್ ಹೊಕ್ಕ ಕಂಪ್ಯೂಟರಿನಿಂದ ಬರೆಯಲು ಸಾಧ್ಯವಿರುವ ನೆಟ್‌ವರ್ಕ್ ಡ್ರೈವೆಲ್ಲವೂ ಅಪಾಯದಲ್ಲೇ. ಅದೇ ಶೇರಿನಲ್ಲಿಟ್ಟ ಬ್ಯಾಕಪ್ ಮೂಲದ ಜೊತೆಗೇ ಹೋಗುತ್ತದೆ. ಒಂದು ಪ್ರತಿಯಾದರೂ ನೆಟ್‌ವರ್ಕಿಗೆ ಅಂಟದೆ ಹೊರಗಿರಲಿ. ಆಕ್ಸೆಸ್ ಫೈಲನ್ನು ಎಲ್ಲರೂ ಮುಚ್ಚಿ, ಲಾಕ್ ಫೈಲ್ ಹೋದಮೇಲೆ ಕಾಪಿ ಮಾಡಿ. ಪೋಸ್ಟ್‌ಗ್ರೆಸ್‌ನ ಪಿಜಿ-ಡಂಪ್ ಆದರೆ ಕೆಲಸ ನಡೀತಿರುವಾಗಲೂ ಸರಿಯಾದ ಪ್ರತಿ ತೆಗೆಯುತ್ತದೆ. ಆಗಾಗ ರಿಸ್ಟೋರ್ ಮಾಡಿ ನೋಡಿ. ತೆರೆಯದ ಬ್ಯಾಕಪ್ ಇದ್ದೂ ಇಲ್ಲದಂತೆ.

ಲ್ಯಾಬಿನಲ್ಲಿ ಮಾಡಿ ನೋಡಿ

ಎರಡು ಲ್ಯಾಪ್‌ಟಾಪ್ ಸಾಕು. ಒಂದರಲ್ಲಿ ಡೇಟಾಬೇಸ್ ಇಡಿ, ಇನ್ನೊಂದರಿಂದ ಸಾಮಾನ್ಯ ಉದ್ಯೋಗಿಯ ಲಾಗಿನ್‌ನಲ್ಲಿ ಮೂರು ಪ್ರಯತ್ನ ಮಾಡಿ: ಇಡೀ ಡೇಟಾಬೇಸ್ ಕಾಪಿ ಮಾಡುವುದು, ಸಂಬಳದ ಟೇಬಲ್ ಓದುವುದು, ಒಂದು ಟೇಬಲ್ ಅಳಿಸುವುದು. ಮೊದಲು ಶೇರ್ಡ್ ಫೈಲಿನಲ್ಲಿ, ಆಮೇಲೆ ಸರ್ವರಿನಲ್ಲಿ. ಯಾವುದು ನಡೆಯಿತು, ಯಾವುದು ನಡೆಯಲಿಲ್ಲ ಎಂದು ಪಟ್ಟಿ ಮಾಡಿ.

ಆ ಪಟ್ಟಿಯನ್ನೇ ಕಚೇರಿಯವರ ಮುಂದಿಟ್ಟರೆ ನಮ್ಮ ಮಾತಿಗೆ ಬೆಲೆ ಬರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಸೂಕ್ತ ಭದ್ರತಾ ಕ್ರಮ ಕೈಗೊಳ್ಳದೆ ಮಾಹಿತಿ ಸೋರಿದರೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ದಂಡದ ಮಾತು ಹಾಗಿರಲಿ, ಅಂಥ ಫೈಲುಗಳಲ್ಲಿ ಎಲ್ಲೋ ಒಂದರಲ್ಲಿ ನಮ್ಮ ಆಧಾರ್ ಸಂಖ್ಯೆ, ಅಪ್ಪ ಅಮ್ಮನ ಫೋನ್ ನಂಬರ್ ಕೂಡ ಇದ್ದೇ ಇರುತ್ತದೆ.