ನೂರು ಪಣ, ನೂರು ಹಕ್ಕಿ

ದೇವಸ್ಥಾನದ ಊಟದ ಚೀಟಿ ದೊಡ್ಡವರಿಗೆ 7 ಡಾಲರ್, ಮಕ್ಕಳಿಗೆ 4 ಡಾಲರ್ ಎಂದಿಟ್ಟುಕೊಳ್ಳೋಣ. ಸಂಜೆ ಡಬ್ಬಿಯಲ್ಲಿ 61 ಡಾಲರ್ ಇದೆ. ಊಟ ಮಾಡಿದ ದೊಡ್ಡವರೆಷ್ಟು, ಮಕ್ಕಳೆಷ್ಟು? ಮನೆಯಲ್ಲಿ ಬೀಜಗಣಿತ ಕಲಿಯುತ್ತಿರುವ ಮಕ್ಕಳನ್ನು ಕೇಳಿ ನೋಡಿ. "ಗೊತ್ತಿಲ್ಲದ್ದು ಎರಡು, ಸಮೀಕರಣ ಒಂದೇ, ಬಿಡಿಸಲಾಗದು" ಎನ್ನುವ ಸಂಭವವೇ ಹೆಚ್ಚು. ನಾವೂ ಶಾಲೆಯಲ್ಲಿ ಹಾಗೆಯೇ ಕಲಿತವರು. ಆದರೆ ಈ ಲೆಕ್ಕದಲ್ಲಿ ಬಾಯಿಬಿಟ್ಟು ಹೇಳದ ಇನ್ನೊಂದು ಮಾತಿದೆ: ಅರ್ಧ ಮನುಷ್ಯ ಊಟಕ್ಕೆ ಬರುವುದಿಲ್ಲ!

ದೊಡ್ಡವರ ಸಂಖ್ಯೆಯನ್ನು ದೊ, ಮಕ್ಕಳ ಸಂಖ್ಯೆಯನ್ನು ಮ ಎಂದು ಬರೆಯೋಣ.

7ದೊ + 4ಮ = 61

ಮಕ್ಕಳಿಂದ ಬಂದ ಹಣ 4ರಿಂದ ಭಾಗವಾಗಲೇಬೇಕು. 61ರಿಂದ ಏಳೇಳು ಕಳೆಯುತ್ತಾ ಹೋದರೆ 54, 47, 40. ಮೊದಲೆರಡು ಆಗದು, 40 ಆಗುತ್ತದೆ. ಅಂದರೆ ದೊ = 3, ಮ = 10. ಇಲ್ಲಿಗೇ ಪೆನ್ಸಿಲ್ ಕೆಳಗಿಡುವುದು ನಾವೆಲ್ಲ ಮಾಡುವ ತಪ್ಪು. ಮುಂದೆಯೂ ಕಳೆಯಿರಿ: 33, 26, 19 ಆಗದು, 12 ಆಗುತ್ತದೆ. ದೊ = 7, ಮ = 3. ಉಳಿದ 5 ಕೂಡ ಆಗದು. ಹೀಗೆ ಎರಡೇ ಉತ್ತರ. ನಾಲ್ಕು ದೊಡ್ಡವರ ಚೀಟಿಗೂ ಏಳು ಮಕ್ಕಳ ಚೀಟಿಗೂ 28 ಡಾಲರೇ ಆದ್ದರಿಂದ ಒಂದು ಉತ್ತರದಿಂದ ಇನ್ನೊಂದಕ್ಕೆ ಹೋಗಬಹುದು. ಎರಡರಲ್ಲಿ ಯಾವುದು ನಡೆದದ್ದು ಎಂದು ತಿಳಿಯಬೇಕಾದರೆ ಎಲೆ ಎಣಿಸಬೇಕು, ಡಬ್ಬಿ ಹೇಳದು.

ಇಂಥ ಲೆಕ್ಕಗಳನ್ನು ನಮ್ಮ ನಾಡಿನಲ್ಲಿ ಬಹಳ ಹಿಂದೆಯೇ ಬಿಡಿಸುತ್ತಿದ್ದರು. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದರು. ಅದರಲ್ಲಿನ ಒಂದು ಸಮಸ್ಯೆ ಹೀಗಿದೆ: 5 ಪಾರಿವಾಳಕ್ಕೆ 3 ಪಣ, 7 ಸಾರಸಕ್ಕೆ 5 ಪಣ, 9 ಹಂಸಕ್ಕೆ 7 ಪಣ, 3 ನವಿಲಿಗೆ 9 ಪಣ. ರಾಜಕುಮಾರನ ವಿನೋದಕ್ಕಾಗಿ 100 ಪಣಕ್ಕೆ 100 ಹಕ್ಕಿ ತರಬೇಕು. ಇದೇ ಲೆಕ್ಕ ಮುಂದೆ 12ನೇ ಶತಮಾನದ ಭಾಸ್ಕರಾಚಾರ್ಯರ 'ಬೀಜಗಣಿತ'ದಲ್ಲೂ ಬರುತ್ತದೆ. ನೂರು ಹಕ್ಕಿಯ ಇಂಥದೇ ಸಮಸ್ಯೆ ಚೀನಾದಲ್ಲಿ 5ನೇ ಶತಮಾನದಷ್ಟು ಹಿಂದೆಯೇ ಇತ್ತು. ಹಾಗಾಗಿ "ಎಲ್ಲಾ ನಮ್ಮವರೇ ಮೊದಲು" ಎಂದು ಮಕ್ಕಳ ಮುಂದೆ ಹೇಳಿಬಿಡುವುದು ಬೇಡ. ಲೆಕ್ಕ ಬಿಡಿಸಿ ತೋರಿಸಿದರೆ ಸಾಕು.

ಹಕ್ಕಿಗಳನ್ನು ಬಿಡಿಯಾಗಿ ಕೊಡುವುದಿಲ್ಲ, ಗುಂಪಾಗಿಯೇ ಕೊಳ್ಳಬೇಕು, ನಾಲ್ಕೂ ಜಾತಿ ಇರಬೇಕು ಎಂದುಕೊಳ್ಳೋಣ. ಗುಂಪುಗಳ ಸಂಖ್ಯೆ ಪಾ, ಸಾ, ಹ, ನ.

ಹಕ್ಕಿ: 5ಪಾ + 7ಸಾ + 9ಹ + 3ನ = 100
ಪಣ: 3ಪಾ + 5ಸಾ + 7ಹ + 9ನ = 100

ಕಳೆಯುವ ಮೊದಲು ಒಂದು ಕ್ಷಣ ನಿಂತು ನೋಡಿ. ಪಾರಿವಾಳ, ಸಾರಸ, ಹಂಸ ಯಾವುದರ ಗುಂಪು ಕೊಂಡರೂ ಹಕ್ಕಿಗಿಂತ ಪಣ 2 ಕಡಿಮೆ. ನವಿಲಿನ ಗುಂಪಿಗೆ ಮಾತ್ರ 6 ಹೆಚ್ಚು. ಕೊನೆಗೆ ಸರಿದೂಗಬೇಕಾದರೆ ನವಿಲಿನ ಒಂದು ಗುಂಪಿಗೆ ಉಳಿದವುಗಳ ಮೂರು ಗುಂಪು ಬೇಕು:

ಪಾ + ಸಾ + ಹ = 3ನ

ಮೊದಲ ಸಮೀಕರಣದಲ್ಲಿ 3ನ ಇರುವಲ್ಲಿ ಇದನ್ನು ಹಾಕಿ ಅರ್ಧ ಮಾಡಿದರೆ:

3ಪಾ + 4ಸಾ + 5ಹ = 50

ಒಂದೊಂದು ಗುಂಪೂ ಇಲ್ಲಿ ಕನಿಷ್ಠ 3, ಗರಿಷ್ಠ 5 ಸೇರಿಸುತ್ತದೆ. ಆದ್ದರಿಂದ ಈ ಮೂರು ಜಾತಿಯ ಗುಂಪುಗಳ ಮೊತ್ತ 10ಕ್ಕಿಂತ ಕಡಿಮೆ ಇರದು, 16 ದಾಟದು. ಜೊತೆಗೆ ಅದು 3ರಿಂದ ಭಾಗವಾಗಬೇಕು. ಹಾಗಾದರೆ 12 ಅಥವಾ 15, ಬೇರೆ ದಾರಿಯಿಲ್ಲ.

ಮೊತ್ತ 15 ಆದರೆ ನ = 5. 50ರಿಂದ 15ರ ಮೂರರಷ್ಟು, ಅಂದರೆ 45, ಕಳೆದರೆ ಸಾ + 2ಹ = 5. ಹ = 1 ಆದರೆ ಸಾ = 3, ಪಾ = 11. ಹ = 2 ಆದರೆ ಸಾ = 1, ಪಾ = 12. ಮೊದಲನೆಯದನ್ನು ತಾಳೆ ನೋಡೋಣ: 55 ಪಾರಿವಾಳ, 21 ಸಾರಸ, 9 ಹಂಸ, 15 ನವಿಲು, ಒಟ್ಟು 100. ಕೊಟ್ಟ ಪಣ 33, 15, 7, 45, ಒಟ್ಟು 100.

ಮೊತ್ತ 12 ಆದರೆ ನ = 4, ಸಾ + 2ಹ = 14. ಇದರಲ್ಲಿ ಇನ್ನೂ ನಾಲ್ಕು ಉತ್ತರಗಳಿವೆ. ಅವನ್ನು ಮಕ್ಕಳಿಗೆ ಬಿಟ್ಟಿದ್ದೇವೆ. ಅಪ್ಪ ಅಮ್ಮಂದಿರು ಪಕ್ಕದಲ್ಲಿ ಕುಳಿತುಕೊಳ್ಳಬಹುದು, ಪೆನ್ಸಿಲ್ ಮಾತ್ರ ಕಸಿದುಕೊಳ್ಳಬಾರದು. ಐದನೆಯದು ಏಕೆ ಇಲ್ಲ ಎಂಬುದನ್ನೂ ಮಕ್ಕಳೇ ಹೇಳಲಿ.