ಸಿಹಿಗುಂಬಳದ ಹಲ್ವ: ಮಗುವಿನ ಕಣ್ಣಿಗೆ ಹಿತವಾದ ತಿನಿಸು

ಮುಸ್ಸಂಜೆಯ ವೇಳೆ ಮಗು ತಡವರಿಸಿ ನಡೆದರೆ ಅದು ಇರುಳುಗುರುಡಿನ ಲಕ್ಷಣವಿರಬಹುದು. ‘ಎ’ ಜೀವಸತ್ವದ ಕೊರತೆಯೇ ಇದಕ್ಕೆ ಮುಖ್ಯ ಕಾರಣ. ಅಲಕ್ಷಿಸಿದರೆ ದೃಷ್ಟಿಯೇ ನಷ್ಟವಾದೀತು. ಸಿಹಿಗುಂಬಳದ ಹಳದಿ ತಿರುಳಿನಲ್ಲಿರುವ ಕ್ಯಾರೋಟಿನ್ ಅಂಶವನ್ನು ದೇಹವು ಈ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುತ್ತದೆ. ಅದು ಮೈಗೂಡಲು ಸ್ವಲ್ಪ ಜಿಡ್ಡು ಅವಶ್ಯಕ.

ಸಾಮಗ್ರಿಗಳು: ಸಿಪ್ಪೆ, ಬೀಜ ತೆಗೆದು ತುರಿದ ಸಿಹಿಗುಂಬಳ 500 ಗ್ರಾಂ, ಹಾಲು 1 ಲೋಟ, ಬೆಲ್ಲ 150 ಗ್ರಾಂ, ತುಪ್ಪ 3 ಚಮಚ, ಏಲಕ್ಕಿ 2.

ವಿಧಾನ: ತುರಿಯ ರಸವನ್ನು ಹಿಂಡಬಾರದು. ತುರಿಯನ್ನು ತುಪ್ಪದಲ್ಲಿ 5 ನಿಮಿಷ ಬಾಡಿಸಿ, ಹಾಲೆರೆದು, ಸಣ್ಣ ಉರಿಯಲ್ಲಿ ಮೆತ್ತಗೆ ಬೇಯಿಸಿರಿ. ಹಾಲು ಪೂರ್ಣ ಇಂಗಿದ ಬಳಿಕವೇ, ಕರಗಿಸಿ ಸೋಸಿದ ಬೆಲ್ಲವನ್ನು ಸೇರಿಸಿರಿ. ಮೊದಲೇ ಹಾಕಿದರೆ ಹಾಲು ಒಡೆಯಬಹುದು. ಪಾತ್ರೆಯ ಅಂಚು ಬಿಡುವವರೆಗೆ ಮಗುಚಿ, ಏಲಕ್ಕಿ ಪುಡಿ ಬೆರೆಸಿ ಇಳಿಸಿರಿ. ಅಂದೇ ತಿಂದು ಮುಗಿಸುವುದು ಲೇಸು.

ಎಚ್ಚರಿಕೆ: ಎರಡು ವರ್ಷ ತುಂಬದ ಮಕ್ಕಳಿಗೆ ಬೆಲ್ಲ ಬೇಡ. ಆರು ತಿಂಗಳು ತುಂಬಿದ ಕೂಸಿಗೆ ಬೇಯಿಸಿ ನುಣ್ಣಗೆ ಮಸೆದ ಕುಂಬಳವನ್ನೇ ಎದೆಹಾಲಿನ ಜೊತೆಗೆ ಉಣಿಸಿರಿ. ಸಕ್ಕರೆ ಕಾಯಿಲೆಯುಳ್ಳ ಗರ್ಭಿಣಿಯರು ಕುಂಬಳವನ್ನು ಪಲ್ಯವಾಗಿ ಮಿತವಾಗಿ ಬಳಸಲಿ.

ಹಲ್ವ ಹಬ್ಬಕ್ಕಿರಲಿ, ಕುಂಬಳದ ಹುಳಿ, ಪಲ್ಯ, ಸೊಪ್ಪು ವಾರವಾರವೂ ಇರಲಿ. ಆದರೆ ಆಹಾರವು ಔಷಧಕ್ಕೆ ಬದಲಾಗದು. ಒಂಬತ್ತನೆಯ ತಿಂಗಳಿನಿಂದ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ‘ಎ’ ಜೀವಸತ್ವದ ದ್ರಾವಣವನ್ನು ತಪ್ಪದೆ ಕುಡಿಸಿರಿ. ಇರುಳುಗುರುಡು ಕಂಡಲ್ಲಿ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬನ್ನಿರಿ.

ಬಚ್ಚಲ ನೀರು ಹರಿಯುವೆಡೆ ಪತಿಯು ಎರಡು ಬೀಜ ಊರಿದರೆ, ಪತ್ನಿಯ ಅಡುಗೆಗೆ ಕುಂಬಳ ಹಿತ್ತಿಲಲ್ಲೇ ದೊರೆಯುತ್ತದೆ. ಮಕ್ಕಳ ದೃಷ್ಟಿಯ ರಕ್ಷಣೆ ಇಬ್ಬರ ಹೊಣೆ.