ಯಂತ್ರ ರಚಿಸುವ ಚಿತ್ರ: ಕಲಿಕೆಯೋ, ನಕಲೋ?

ಕೆಲವು ಪದಗಳನ್ನು ಬರೆದುಕೊಟ್ಟರೆ ಕ್ಷಣಮಾತ್ರದಲ್ಲಿ ಚಿತ್ರವೊಂದನ್ನು ರಚಿಸಿಕೊಡುವ ಕೃತಕ ಬುದ್ಧಿಮತ್ತೆಯ ಸಾಧನಗಳು 2022ರಿಂದೀಚೆಗೆ ಜನಸಾಮಾನ್ಯರ ಕೈಗೆ ಬಂದಿವೆ. ಆಮಂತ್ರಣ ಪತ್ರಿಕೆ, ಭಿತ್ತಿಪತ್ರ, ಪುಸ್ತಕದ ಮುಖಪುಟಗಳಿಗೂ ಇವು ಬಳಕೆಯಾಗುತ್ತಿವೆ. ಇದರೊಡನೆ ಒಂದು ಪ್ರಶ್ನೆಯೂ ಉದ್ಭವಿಸಿದೆ. ಈ ಯಂತ್ರಗಳು ಹೊಸ ಚಿತ್ರವನ್ನು ರಚಿಸುತ್ತವೆಯೇ ಅಥವಾ ಕಲಾವಿದರು ಈಗಾಗಲೇ ರಚಿಸಿರುವ ಚಿತ್ರಗಳನ್ನು ನಕಲು ಮಾಡುತ್ತವೆಯೇ? ಕುಂಚವನ್ನೇ ನಂಬಿ ಬದುಕುವವರಿಗೆ ಇದು ಅನ್ನದ ಪ್ರಶ್ನೆಯಾಗಿದೆ.

ಯಂತ್ರವು ಕಲಿಯುವ ಬಗೆ

‘ಸ್ಟೇಬಲ್ ಡಿಫ್ಯೂಷನ್’ ಎಂಬ ಸಾಧನವನ್ನು ಉದಾಹರಣೆಯಾಗಿ ನೋಡೋಣ. ಅಂತರಜಾಲದ ಸುಮಾರು 585 ಕೋಟಿ ಚಿತ್ರಗಳ ವಿಳಾಸ ಮತ್ತು ವಿವರಣೆಗಳುಳ್ಳ ‘ಲಯಾನ್-5ಬಿ’ ಎಂಬ ಪಟ್ಟಿಯ ಒಂದು ಭಾಗವನ್ನು ಬಳಸಿ ಇದಕ್ಕೆ ತರಬೇತಿ ನೀಡಲಾಯಿತು. ಚಿತ್ರವೊಂದರ ಮೇಲೆ ಹಂತಹಂತವಾಗಿ ಚುಕ್ಕೆಗಳನ್ನು ಎರಚಿ ಮಸುಕುಗೊಳಿಸಲಾಗುತ್ತದೆ. ಆ ಮಸುಕನ್ನು ತೆಗೆಯುವ ವಿಧಾನವನ್ನು ಯಂತ್ರವು ಕಲಿಯುತ್ತದೆ. ತರಬೇತಿ ಮುಗಿದಾಗ ಅದರಲ್ಲಿ ಉಳಿಯುವುದು ಕೇವಲ ಅಂಕಿಗಳ ಒಂದು ಬೃಹತ್ ಕೋಷ್ಟಕ. ಆರಂಭದ ಆವೃತ್ತಿಯ ಕಡತದ ಗಾತ್ರ ಸುಮಾರು 4 ಗಿಗಾಬೈಟ್ ಮಾತ್ರವಾಗಿತ್ತು. ಇಷ್ಟು ಚಿಕ್ಕ ಕಡತದಲ್ಲಿ ಕೋಟ್ಯಂತರ ಚಿತ್ರಗಳನ್ನು ಯಥಾವತ್ತಾಗಿ ಅಡಗಿಸಿಡುವುದು ಅಸಾಧ್ಯ. ಆದುದರಿಂದ ಯಂತ್ರವು ಹಳೆಯ ಚಿತ್ರಗಳ ತುಣುಕುಗಳನ್ನು ಕತ್ತರಿಸಿ ಅಂಟಿಸುತ್ತದೆಂಬ ತಿಳಿವಳಿಕೆ ಸರಿಯಲ್ಲ.

ಆದರೂ ನಕಲು ಸಾಧ್ಯ

ಹಾಗೆಂದು ನಕಲು ಆಗುವುದೇ ಇಲ್ಲವೆನ್ನಲಾಗದು. ತರಬೇತಿ ಪಟ್ಟಿಯಲ್ಲಿ ಅತಿ ಹೆಚ್ಚು ಬಾರಿ ಪುನರಾವರ್ತನೆಗೊಂಡಿದ್ದ 3,50,000 ಚಿತ್ರಗಳನ್ನು ಸಂಶೋಧಕರು ಆರಿಸಿಕೊಂಡು, ಪ್ರತಿಯೊಂದರ ವಿವರಣೆಯನ್ನೂ ಕೊಟ್ಟು ತಲಾ 500 ಚಿತ್ರಗಳನ್ನು ಬರೆಯಿಸಿದರು. 2023ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ, ಆರಿಸಿಕೊಂಡ ಚಿತ್ರಗಳ ಪೈಕಿ 109 ಚಿತ್ರಗಳು ಬಹುಮಟ್ಟಿಗೆ ಯಥಾವತ್ತಾಗಿ ಮರಳಿ ಬಂದವು. ಮಗ್ಗಿಯನ್ನು ಪದೇಪದೇ ಹೇಳಿದ ಬಾಲಕನಿಗೆ ಅದು ಬಾಯಿಪಾಠವಾಗುವಂತೆ, ಒಂದೇ ಚಿತ್ರವು ಮತ್ತೆಮತ್ತೆ ಎದುರಾದಾಗ ಯಂತ್ರಕ್ಕೂ ಅದು ಕಂಠಸ್ಥವಾಗುತ್ತದೆ. ಇಂತಹ ಪ್ರಸಂಗಗಳು ವಿರಳ. ಆದರೆ ತನ್ನ ಕೃತಿಯೇ ಹೀಗೆ ಮರಳಿ ಬಂದ ಕಲಾವಿದನಿಗೆ ಆ ವಿರಳತೆಯಿಂದ ಸಮಾಧಾನ ದೊರೆಯದು.

ಕಾನೂನಿನ ದೃಷ್ಟಿ

ನಮ್ಮ ಕೃತಿಸ್ವಾಮ್ಯ ಅಧಿನಿಯಮ, 1957 ಕೃತಿಯ ಅಭಿವ್ಯಕ್ತಿಗೆ ರಕ್ಷಣೆ ನೀಡುತ್ತದೆ. ಕೇವಲ ಕಲ್ಪನೆಗೆ ಅಥವಾ ವಸ್ತುವಿಗೆ ಕೃತಿಸ್ವಾಮ್ಯವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲಿ ತೀರ್ಪಿತ್ತಿದೆ. ನಾಟಕವೊಂದನ್ನು ನಕಲು ಮಾಡಿ ಚಲನಚಿತ್ರ ತೆಗೆಯಲಾಗಿದೆಯೆಂಬ ಆ ವಿವಾದದಲ್ಲಿ, ಎರಡನ್ನೂ ಕಂಡವರಿಗೆ ಎರಡನೆಯದು ಮೊದಲನೆಯದರ ನಕಲೇ ಎಂಬ ನಿಸ್ಸಂದೇಹ ಭಾವನೆ ಮೂಡುವುದೇ ಎಂಬುದು ಒಂದು ಮುಖ್ಯ ಒರೆಗಲ್ಲಾಯಿತು.

ಈ ತತ್ತ್ವದಂತೆ ಕಲಾವಿದನ ಶೈಲಿಗಷ್ಟೇ ರಕ್ಷಣೆ ದೊರೆಯುವುದು ಕಷ್ಟ. ಪೋಲೆಂಡ್‌ನ ಚಿತ್ರಕಾರ ಗ್ರೆಗ್ ರುಟ್ಕೋವ್ಸ್ಕಿಯವರ ಹೆಸರನ್ನು 2022ರಲ್ಲಿ ಸಾವಿರಾರು ಮಂದಿ ಯಂತ್ರಕ್ಕೆ ಸೂಚಿಸಿ, ಅವರ ಶೈಲಿಯ ಚಿತ್ರಗಳನ್ನು ಪಡೆದರು. ಯಾವ ಒಂದು ಚಿತ್ರವೂ ನಕಲಾಗದೆಯೇ ಕಲಾವಿದನಿಗೆ ಹಾನಿಯಾಗಬಹುದೆಂಬುದು ಇದರಿಂದ ತಿಳಿಯುತ್ತದೆ.

ಆದುದರಿಂದ ತರಬೇತಿಯ ಹಂತವನ್ನೂ ಫಲಿತಾಂಶದ ಹಂತವನ್ನೂ ಪ್ರತ್ಯೇಕವಾಗಿ ಪರಿಶೀಲಿಸಬೇಕು. ಇಂಗ್ಲೆಂಡಿನ ಉಚ್ಚ ನ್ಯಾಯಾಲಯವು 2025ರ ನವೆಂಬರ್‌ನಲ್ಲಿ, ಕೃತಿಗಳನ್ನು ತನ್ನಲ್ಲಿ ಸಂಗ್ರಹಿಸಿಟ್ಟುಕೊಳ್ಳದ ಇಂತಹ ಸಾಧನವು ಸ್ವತಃ ಅಕ್ರಮ ಪ್ರತಿಯಾಗದೆಂದು ತೀರ್ಪು ನೀಡಿತು. ಭಾರತದಲ್ಲಿ ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆಯು 2025ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಕಾರ್ಯಪತ್ರವು, ತರಬೇತಿಗೆ ಬಳಸಿದ ಕೃತಿಗಳಿಗಾಗಿ ಹಕ್ಕುದಾರರಿಗೆ ರಾಜಧನ ಸಲ್ಲಬೇಕೆಂಬ ವ್ಯವಸ್ಥೆಯನ್ನು ಸೂಚಿಸಿದೆ.

ಓದುಗರು ಗಮನಿಸಬೇಕಾದ ಅಂಶಗಳು

1. ಭಾರತದಲ್ಲಿ ಚಿತ್ರದ ಕೃತಿಸ್ವಾಮ್ಯವು ಸಾಮಾನ್ಯವಾಗಿ ಕಲಾವಿದನ ಮರಣಾನಂತರ 60 ವರ್ಷಗಳವರೆಗೆ ಇರುತ್ತದೆ. 1906ರಲ್ಲಿ ನಿಧನರಾದ ರಾಜಾ ರವಿವರ್ಮರ ಕೃತಿಗಳನ್ನು ಯಾರೂ ಬಳಸಬಹುದು. 2011ರಲ್ಲಿ ನಿಧನರಾದ ಎಂ.ಎಫ್. ಹುಸೇನರ ಕೃತಿಗಳಿಗೆ ರಕ್ಷಣೆಯಿದೆ.

2. ಯಂತ್ರರಚಿತ ಚಿತ್ರವನ್ನು ವ್ಯಾಪಾರಕ್ಕೆ ಬಳಸುವ ಮುನ್ನ ಅದು ಪ್ರಸಿದ್ಧ ಕೃತಿಯೊಂದನ್ನು ಹೋಲುತ್ತದೆಯೇ ಎಂದು ಪರಿಶೀಲಿಸುವುದು ಒಳಿತು.

3. ಕೃತಿಸ್ವಾಮ್ಯಕ್ಕೆ ನೋಂದಣಿ ಕಡ್ಡಾಯವಲ್ಲ. ಆದರೂ ಕಲಾವಿದರು ತಮ್ಮ ಕರಡುಗಳನ್ನು ದಿನಾಂಕಸಹಿತ ಕಾಯ್ದಿರಿಸಿದರೆ, ವಿವಾದ ಉಂಟಾದಾಗ ಅವು ಸಾಕ್ಷ್ಯವಾಗಿ ನೆರವಿಗೆ ಬರುತ್ತವೆ.